ಫೋಟೋದಲ್ಲಿ ಇದ್ದಾರೆ, ಮೈಕಿನ ಮುಂದೆ ಇಲ್ಲ

2021ರ ನವೆಂಬರ್‌ನಲ್ಲಿ ತುಳಸಿ ಗೌಡ ಅವರು ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಗೊಂಡ ಫೋಟೋ ನಿಮಗೆ ನೆನಪಿರಬೇಕು. ಆ ವಾರ ಅದು ನನ್ನ ಫೋನಿಗೆ ಎಷ್ಟು ಸಲ ಬಂತು ಅಂತ ಲೆಕ್ಕ ಇಟ್ಟಿಲ್ಲ. ಆಫೀಸಿನ ಗ್ರೂಪು, ಅಪಾರ್ಟ್‌ಮೆಂಟ್ ಗ್ರೂಪು, ಹೈಸ್ಕೂಲ್ ಗೆಳೆಯರ ಗ್ರೂಪು, ಎಲ್ಲ ಕಡೆ ಅದೇ. ಕೆಳಗೆ ಕೈಮುಗಿದ ಇಮೋಜಿಗಳ ಸಾಲು. ವೃಕ್ಷಮಾತೆ ಅಂದರು, ಕಾಡಿನ ವಿಶ್ವಕೋಶ ಅಂದರು, ಸರಳತೆಯ ಸಾಕಾರಮೂರ್ತಿ ಅಂದರು. ಅವರ ಪಾದ ಎಲ್ಲರಿಗೂ ಕಾಣಿಸಿತು. ಅವರಿಗೆ ಏನು ಗೊತ್ತಿತ್ತು ಅನ್ನೋದನ್ನು ನಾಲ್ಕು ಸಾಲಲ್ಲಿ ಹೇಳಿದ ಒಂದೇ ಒಂದು ಮೆಸೇಜ್ ಬರಲಿಲ್ಲ.

ಗೊತ್ತಿದ್ದದ್ದು ಸಣ್ಣ ವಿಷಯವಲ್ಲ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿಗ ಹೆಂಗಸು, ಶಾಲೆ ಕಂಡವರಲ್ಲ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದಿನಗೂಲಿ ಮಾಡಿದವರು. ಕಾಡಿನಲ್ಲಿ ಒಂದೊಂದು ಜಾತಿಯಲ್ಲೂ ತಾಯಿ ಮರ ಯಾವುದು ಅಂತ ಗುರುತು ಹಿಡಿದು, ಅದರ ಬೀಜವನ್ನು ಸರಿಯಾದ ಹೊತ್ತಿಗೆ ತಂದು ಸಸಿ ಮಾಡೋದಕ್ಕೆ ಅವರು ಹೆಸರಾಗಿದ್ದರು. ಈ 'ಸರಿಯಾದ ಹೊತ್ತು' ಅನ್ನೋದರಲ್ಲೇ ಇಡೀ ಶಾಸ್ತ್ರ ಇದೆ. ರಾಗಿ, ಹುರುಳಿ ಬೀಜದ ಹಾಗೆ ಒಣಗಿಸಿ ಡಬ್ಬಕ್ಕೆ ತುಂಬಿಟ್ಟರೆ ವರ್ಷಗಟ್ಟಲೆ ಬದುಕಿರೋ ಬೀಜಗಳು ಬೇರೆ. ಪಶ್ಚಿಮ ಘಟ್ಟದ ದಟ್ಟ ಕಾಡಿನ ಎಷ್ಟೋ ಮರಗಳ ಬೀಜ ಒಣಗಿತು ಅಂದರೆ ಸತ್ತಿತು ಅಂತಲೇ ಲೆಕ್ಕ. ಹಲಸಿನ ಬೀಜ ಒಣಗಿಸಿ ಮುಂದಿನ ವರ್ಷ ನೆಟ್ಟು ನೋಡಿ, ಗೊತ್ತಾಗುತ್ತೆ. ಅಂಥ ಬೀಜಕ್ಕೆ ಫ್ರಿಜ್ಜು ಕೆಲಸಕ್ಕೆ ಬರಲ್ಲ, ಕ್ಯಾಲೆಂಡರೂ ಬರಲ್ಲ. ಯಾವ ಮರ, ಯಾವ ವಾರ, ನೆಲಕ್ಕೆ ಬಿದ್ದದ್ದಾ ಮರದಲ್ಲಿರೋದಾ ಅಂತ ಬಲ್ಲ ಮನುಷ್ಯ ಬೇಕು. ಬೀಜ ವಿಜ್ಞಾನದ ತರಗತಿಯಲ್ಲಿ ಒಂದು ತಿಂಗಳು ಪಾಠ ಮಾಡಬಹುದಾದ ಸರಕು ಇದು.

ವಿಶ್ವಕೋಶ ಅಂತ ಕರೆದೆವು, ಒಂದು ಪುಟ ತೆಗೆದು ನೋಡಲಿಲ್ಲ. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಅದೇ ಫೋಟೋ ಇನ್ನೊಂದು ಸುತ್ತು ಬಂತು, ಅದೇ ಇಮೋಜಿಗಳ ಜೊತೆ.

ನನ್ನ ತಕರಾರು ಇಷ್ಟೇ. ನಮ್ಮಲ್ಲಿ ವಿಜ್ಞಾನವನ್ನು ಜನರಿಗೆ ಮುಟ್ಟಿಸೋ ಕೆಲಸ ಈಗ ಜೋರಾಗಿದೆ. ಪಾಡ್‌ಕಾಸ್ಟ್, ರೀಲ್ಸ್, ಕೆಫೆಯಲ್ಲಿ ಶನಿವಾರ ಸಂಜೆಯ ಮಾತುಕತೆ, ಮಕ್ಕಳಿಗೆ ನೇಚರ್ ವಾಕ್, ಕಾರ್ಪೊರೇಟ್ ಕ್ಯಾಂಪಸ್‌ನಲ್ಲಿ ಚಿಟ್ಟೆ ಎಣಿಕೆ. ಒಳ್ಳೇದೇ. ಆದರೆ ಈ ಎಲ್ಲದರಲ್ಲಿ ಆದಿವಾಸಿಗಳಿಗೆ ಮೂರೇ ಪಾತ್ರ ಇಟ್ಟಿದ್ದೇವೆ: ಅವರು ಅಧ್ಯಯನದ ವಸ್ತು ಆಗಬಹುದು, ಅಧ್ಯಯನ ಮಾಡುವವರ ಸಹಾಯಕರಾಗಬಹುದು, ಇಲ್ಲವೇ ಅರಿವು ಮೂಡಿಸಿಕೊಳ್ಳಬೇಕಾದ ಪ್ರೇಕ್ಷಕರಾಗಬಹುದು. ಹೇಳುವವರು ಮಾತ್ರ ಆಗೋ ಹಾಗಿಲ್ಲ. 2011ರ ಜನಗಣತಿ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರು ಶೇ 8.6, ಕರ್ನಾಟಕದಲ್ಲಿ ಹತ್ತಿರಹತ್ತಿರ ಶೇ 7. ನೀವು ಈ ವರ್ಷ ಕೇಳಿದ ವಿಜ್ಞಾನದ ಮಾತುಗಳನ್ನೆಲ್ಲ ನೆನಪು ಮಾಡಿಕೊಳ್ಳಿ. ಹೇಳಿದವರ ಹೆಸರುಗಳನ್ನೂ. ಹಾಲಕ್ಕಿಯವರಂತೂ ಆ ಪಟ್ಟಿಯಲ್ಲೂ ಇಲ್ಲ, ಸೇರಿಸಿ ಅಂತ ಕೇಳ್ತಾ ಇದ್ದಾರೆ. ಹಾಗಾಗಿ ಲೆಕ್ಕಕ್ಕೇ ಸಿಗದವರು ಇನ್ನೂ ಇದ್ದಾರೆ.

ಬೆಂಗಳೂರಲ್ಲಿ ಎರಡು ದಿನದ ಒಂದು ಕಾರ್ಯಾಗಾರಕ್ಕೆ ಸ್ವಯಂಸೇವಕನಾಗಿ ಓಡಾಡ್ತಿದ್ದೆ. ವಿಷಯ ಕಾಡು ಮತ್ತು ಹವಾಮಾನ. ಭಾಷಣಕಾರರ ಪಟ್ಟಿ ಮಾಡುವಾಗ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಾಡಿನ ಬಗ್ಗೆ ಸೊಗಸಾಗಿ ಮಾತಾಡುವವರಿದ್ದಾರೆ, ಒಬ್ಬರನ್ನು ಕರೆಯೋಣ ಅಂದೆ. ಆಯೋಜಕರು ಖುಷಿಯಿಂದಲೇ ಒಪ್ಪಿದರು. 'ಸೂಪರ್ ಐಡಿಯಾ, ಸಂಜೆ ಕಲ್ಚರಲ್ ಪ್ರೋಗ್ರಾಂಗೆ ಹಾಕೋಣ' ಅಂದರು. ಕೆಟ್ಟ ಮನುಷ್ಯ ಅಲ್ಲ ಅವರು. ಸೋಲಿಗ ಅಂದ ತಕ್ಷಣ ಅವರ ತಲೆಗೆ ಬಂದದ್ದು ಕುಣಿತ, ಅಷ್ಟೇ. ಕಾಡಿನ ಬಗ್ಗೆ ಹೇಳೋಕೆ ಕಾಡಿನ ಫೋಟೋ ತೆಗೆಯೋ ಇಬ್ಬರು ಇದ್ದರಲ್ಲ!

ಅದೇ ಬಿಆರ್‌ಟಿ ಕಾಡಿನ ಕತೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ಹೇಳುವವರು ಯಾರು ಅನ್ನೋದು ಮರ್ಯಾದೆಯ ಪ್ರಶ್ನೆ ಮಾತ್ರ ಅಲ್ಲ. ಅದರಿಂದ ಕಾಡಿಗೇ ಏನಾಗುತ್ತೆ ಅಂತ ಅಲ್ಲಿ ಕಾಣಿಸುತ್ತೆ.

1974ರಲ್ಲಿ ಅದು ವನ್ಯಧಾಮ ಆಯಿತು. ಅದರ ಜೊತೆಗೆ ಸೋಲಿಗರ ಸಾಗುವಳಿ ನಿಂತಿತು, ಅವರ ತರಗು ಬೆಂಕಿಯೂ ನಿಂತಿತು. ತರಗು ಬೆಂಕಿ ಅಂದರೆ ಬೇಸಿಗೆ ಬಲಿಯುವ ಮೊದಲೇ, ನೆಲದ ಮೇಲಿನ ಒಣ ಎಲೆಗೆ ಮಾತ್ರ ಹಾಕುವ ಸಣ್ಣ ಬೆಂಕಿ. ಮೊಣಕಾಲು ಮಟ್ಟಕ್ಕೆ ಉರಿದು ಆರಿಹೋಗುತ್ತೆ. ಆಮೇಲಿನ ವರ್ಷಗಳಲ್ಲಿ ಸೋಲಿಗರು ಹೇಳುತ್ತಲೇ ಬಂದರು: ಬೆಂಕಿ ನಿಂತ ಮೇಲೆ ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿ ಮರ ಸಾಯ್ತಾ ಇದೆ, ಲಂಟಾನ ಹಬ್ಬಿ ನಡೆಯೋಕೂ ದಾರಿ ಇಲ್ಲ. ಇಲಾಖೆ ಕೇಳಲಿಲ್ಲ. ಪಟ್ಟಣದ ಪರಿಸರಪ್ರಿಯರಂತೂ, ಕಾಡಿನವನೇ ಕಾಡಿಗೆ ಬೆಂಕಿ ಹಾಕಬೇಕು ಅಂತಾನಲ್ಲ ಅಂತ ಹೌಹಾರಿದರು. 2010ರಲ್ಲಿ ಒಂದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ, ಬಂದಳಿಕೆಯ ವಿಚಾರದಲ್ಲಿ ಸೋಲಿಗರ ತಿಳಿವಳಿಕೆ ಕಾಡಿನ ನಿರ್ವಹಣೆಗೆ ಹೇಗೆ ಬಳಕೆಗೆ ಬರುತ್ತೆ ಅಂತ ತೋರಿಸಿತು. ಲಂಟಾನ 1997ರಿಂದ 2008ರ ಹೊತ್ತಿಗೆ ಆ ಕಾಡಿನಲ್ಲಿ ಎಷ್ಟು ಹಬ್ಬಿತು ಅಂತ ಅಳತೆ ಮಾಡಿದವರಿಗೆ ಸಿಕ್ಕ ಉತ್ತರ: ಅದು ಕಾಣಿಸಿಕೊಳ್ಳೋ ಜಾಗಗಳೇ ಸುಮಾರು ದುಪ್ಪಟ್ಟಾಗಿದ್ದವು. ಅಂದರೆ ನೆಲ್ಲಿಕಾಯಿ ಕೀಳೋಕೆ ಹೋದ ಹೆಂಗಸಿಗೆ ಕಾಣುತ್ತಿದ್ದದ್ದು ಪತ್ರಿಕೆಯಲ್ಲಿ ಅಚ್ಚಾಗೋಕೆ ಮೂರೂವರೆ ದಶಕ ಬೇಕಾಯಿತು.

ಇಲ್ಲಿ ಒಂದು ಮಾತು. ಇವತ್ತೇ ಹೋಗಿ ಬೆಂಕಿ ಹಾಕಿ ಅಂತ ಯಾರೂ ಹೇಳ್ತಿಲ್ಲ. ಆಳೆತ್ತರ ಬೆಳೆದ ಲಂಟಾನಕ್ಕೆ ಕಿಡಿ ತಾಗಿದರೆ ಅದು ತರಗು ಬೆಂಕಿ ಆಗಿ ಉಳಿಯಲ್ಲ, ಮರದ ನೆತ್ತಿಗೇ ಏರುತ್ತೆ. ಸಮಯ ಮೀರಿಹೋಗಿದೆ. ಮೀರಿಹೋಗುವ ಮೊದಲು ಹೇಳಿದವರಿಗೆ ಮೈಕ್ ಇರಲಿಲ್ಲ ಅನ್ನೋದೇ ನನ್ನ ಸಂಕಟ.

ಈಗ 2019ರ ಫೆಬ್ರುವರಿ ನೆನಪು ಮಾಡಿಕೊಳ್ಳಿ. ಬಂಡೀಪುರ ಹೊತ್ತಿ ಸಾವಿರಾರು ಎಕರೆ ಸುಟ್ಟಿತು. ನಮ್ಮೂರಿಂದ ಹುಡುಗರು ಬೈಕು ಹತ್ತಿ ಬೆಂಕಿ ಆರಿಸೋಕೆ ಹೋದರು, ಮೆಚ್ಚಬೇಕು. ಆದರೆ ಆ ವಾರ ಎಲ್ಲ ಕಡೆ ಓಡಾಡಿದ ವಿವರಣೆ ಒಂದೇ: ಯಾರೋ ಹಳ್ಳಿಯವನು ಬೆಂಕಿ ಕಡ್ಡಿ ಗೀರಿದ. ಪ್ರತಿ ಬೇಸಿಗೆ ಕಾಡಿನ ಅಂಚಲ್ಲಿ ನೇತುಹಾಕುವ ಬೋರ್ಡಿನಲ್ಲೂ ಅವನದೇ ಚಿತ್ರ, ಲುಂಗಿ ಉಟ್ಟು ಕಡ್ಡಿ ಹಿಡಿದವನು. ಕಾಡಲ್ಲಿ ಉರಿಯೋಕೆ ಇಷ್ಟೊಂದು ಸೌದೆ ಹೇಗೆ ಸೇರಿತು, ಮೊದಲು ಯಾರು ಏನು ಮಾಡ್ತಿದ್ದರು ಅಂತ ಐದು ನಿಮಿಷದ ಒಂದು ವಿಡಿಯೋ ಮಾಡಬಲ್ಲವರು ಚಾಮರಾಜನಗರ ಜಿಲ್ಲೆಯ ಪೋಡುಗಳಲ್ಲಿ ಇದ್ದರು. ಸೋಲಿಗರವರೇ ಆದ ಸಿ. ಮಾದೇಗೌಡ ಅವರು ಸಾಂಪ್ರದಾಯಿಕ ಜ್ಞಾನ ಮತ್ತು ಸಂರಕ್ಷಣೆ ಬಗ್ಗೆ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಬರೆದದ್ದು 2009ರಲ್ಲಿ, ಆ ಬೆಂಕಿಗೆ ಹತ್ತು ವರ್ಷ ಮುಂಚೆ. ಬಲ್ಲವರು ಇಲ್ಲ ಅನ್ನೋ ನೆಪ ಇಲ್ಲಿ ನಡೆಯಲ್ಲ.

ಅಂದಹಾಗೆ, ಕೆಲವು ವರ್ಷಗಳ ಹಿಂದೆ ಅದೇ ಬೆಟ್ಟದಲ್ಲಿ ಸಿಕ್ಕ ಹೊಸ ಕಣಜವೊಂದಕ್ಕೆ ವಿಜ್ಞಾನಿಗಳು 'ಸೋಲಿಗ ಎಕರಿನಾಟ' ಅಂತ ಹೆಸರಿಟ್ಟರು, ಸಮುದಾಯದ ಗೌರವಾರ್ಥ. ಒಳ್ಳೆ ಮನಸ್ಸಿನ ಕೆಲಸವೇ. ಸೋಲಿಗರು ಲ್ಯಾಟಿನ್‌ಗೆ ಹೋದರು. ಟೌನ್‌ಹಾಲ್‌ಗೆ ಇನ್ನೂ ಬಂದಿಲ್ಲ.

ಆನೆ ವಿಷಯಕ್ಕೆ ಬನ್ನಿ. 2023ರ ಮಾರ್ಚ್‌ನಲ್ಲಿ 'ದಿ ಎಲಿಫೆಂಟ್ ವಿಸ್ಪರರ್ಸ್'ಗೆ ಆಸ್ಕರ್ ಬಂತು. ಮುದುಮಲೈಯ ತೆಪ್ಪಕಾಡಿನ ಕಾಟ್ಟುನಾಯಕ ದಂಪತಿ ಬೊಮ್ಮನ್ ಮತ್ತು ಬೆಳ್ಳಿ ಅನಾಥ ಮರಿಯಾನೆಗಳನ್ನು ಸಾಕಿದ ಸಾಕ್ಷ್ಯಚಿತ್ರ. ಊರೆಲ್ಲ ಕಣ್ಣೀರು ಹಾಕಿತು. ಎಂಥಾ ಪ್ರೀತಿ, ಎಂಥಾ ತಾಯಿ ಕರುಳು ಅಂದರು. ಪ್ರೀತಿ ಇತ್ತು, ಇಲ್ಲ ಅಂದವರು ಯಾರು? ಆದರೆ ತಾಯಿ ಬಿಟ್ಟ ಮರಿಯಾನೆ ಬದುಕೋದು ತುಂಬಾ ಕಷ್ಟ. ಯಾವ ಹಾಲು, ಎಷ್ಟು ಹೊತ್ತಿಗೊಮ್ಮೆ, ಭೇದಿ ಶುರುವಾದರೆ ಏನು, ಗಾಯಕ್ಕೆ ಏನು, ರಾತ್ರಿ ಚಳಿಗೆ ಏನು ಅಂತ ಗೊತ್ತಿರಬೇಕು. ಪಶುವೈದ್ಯರು ಅದನ್ನು ಮಾಡಿದ್ದರೆ ಪರಿಣತಿ ಅಂತ ಕರೀತಿದ್ದೆವು. ಬೆಳ್ಳಿ ಮಾಡಿದರೆ ಮಮತೆ.

ಅದೇ ವರ್ಷ ಡಿಸೆಂಬರ್ 4ಕ್ಕೆ ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತ. ಎಂಟು ಸಲ ಮೈಸೂರಿನ ಅಂಬಾರಿ ಹೊತ್ತ ಆನೆ. ನಾನು ನೋಡಿದ ಚಾನೆಲ್‌ಗಳಲ್ಲೆಲ್ಲ ಮಾವುತ ಗೋಳಾಡಿ ಅಳುವ ದೃಶ್ಯವನ್ನು ಸುತ್ತಿ ಸುತ್ತಿ ತೋರಿಸಿದರು, ಹಿನ್ನೆಲೆಗೆ ಪಿಟೀಲು ಬೇರೆ. ಮದ ಬಂದ ಕಾಡಾನೆ ಎದುರು ಸಾಕಾನೆ ಹೇಗೆ ನಡ್ಕೊಳ್ಳುತ್ತೆ, ಅರವಳಿಕೆ ಚುಚ್ಚುಮದ್ದು ಕೆಲಸ ಮಾಡೋಕೆ ಎಷ್ಟು ಹೊತ್ತು ಬೇಕು, ಆ ಹೊತ್ತಲ್ಲಿ ಏನೇನಾಗಬಹುದು ಅಂತ ವಿವರಿಸೋಕೆ ಸ್ಟುಡಿಯೋದಲ್ಲಿ ಕೋಟು ಹಾಕಿದವರು ಕೂತಿದ್ದರು. ದುಬಾರೆ, ಮತ್ತಿಗೋಡು ಶಿಬಿರಗಳಲ್ಲಿ ಈ ಕೆಲಸ ಮಾಡುತ್ತಾ ಬಂದಿರೋದು ಬಹುಪಾಲು ಜೇನು ಕುರುಬರು, ಬೆಟ್ಟ ಕುರುಬರು, ಜೊತೆಗೆ ತಲೆಮಾರುಗಳಿಂದ ಮಾವುತರಾಗಿರೋ ಮುಸ್ಲಿಂ ಕುಟುಂಬಗಳು. ಅಳೋದು ಅವರ ಪಾಲಿಗೆ, ವಿವರಿಸೋದು ಇವರ ಪಾಲಿಗೆ. ಯಾರು ಹಂಚಿದ್ದು ಇದನ್ನ?

ತೇಜಸ್ವಿ ಓದಿದವರು ನಾವು ಅಂತ ಬೇರೆ ಹೇಳಿಕೊಳ್ತೀವಿ. 'ಕರ್ವಾಲೊ' ಬಂದದ್ದು 1980ರಲ್ಲಿ. ಅದರಲ್ಲಿ ಹಾರುವ ಓತಿಯನ್ನು ಕಂಡವನು ಮಂದಣ್ಣ. ಎಲ್ಲರೂ ಅವನನ್ನು ದಡ್ಡ ಅಂದಾಗ, ಇವನು ಹುಟ್ಟಾ ನಿಸರ್ಗ ವಿಜ್ಞಾನಿ ಅಂತ ಗುರುತಿಸಿದ್ದು ಕರ್ವಾಲೊ. ನಾವು ನಲವತ್ತು ವರ್ಷದಿಂದ ಮಂದಣ್ಣನ ಮದುವೆ ಪ್ರಸಂಗಕ್ಕೆ ನಗುತ್ತಾ, ಕರ್ವಾಲೊ ಆಗೋ ಕನಸು ಕಾಣುತ್ತಾ ಕೂತಿದ್ದೀವಿ.

ಇದೆಲ್ಲ ಕಾಡಿನ ವಿಷಯ ಆಯಿತು. ನನ್ನನ್ನು ನಿಜವಾಗಿ ಕೆಣಕೋದು ರಕ್ತದ ವಿಷಯ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನೆಯ ರಾಷ್ಟ್ರೀಯ ಮಿಷನ್ ಶುರುವಾಯಿತು. 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ, 2047ಕ್ಕೆ ನಿರ್ಮೂಲನೆ ಅನ್ನೋ ಗುರಿ. ಆದಿವಾಸಿಗಳಲ್ಲಿ ಈ ರೋಗ ಹೆಚ್ಚು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದೇ 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ, ನಮ್ಮ ಗಡಿ ದಾಟಿದರೆ ಸಿಗೋ ಬೆಟ್ಟ. ನಮ್ಮ ಸೋಲಿಗರಲ್ಲೂ ಇದೆ. ಪರೀಕ್ಷೆ ಮಾಡಿ ಒಂದು ಕಾರ್ಡ್ ಕೊಡ್ತಾರೆ. ಮದುವೆಗೆ ಮುಂಚೆ ಹುಡುಗ ಹುಡುಗಿಯ ಕಾರ್ಡ್ ತಾಳೆ ನೋಡಬೇಕು ಅನ್ನೋದು ಸಲಹೆ.

ಈಗ ಇದನ್ನು ಪೋಡಿನ ಒಂದು ಮನೆಯಲ್ಲಿ ಕೂತು ವಿವರಿಸಬೇಕು ಅಂದುಕೊಳ್ಳಿ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟ ಜೀನ್ ಬಂದರೆ ಮಾತ್ರ ರೋಗ. ಒಂದೇ ಬಂದರೆ ಆಕೆ ವಾಹಕಿ, ರೋಗಿ ಅಲ್ಲ, ಸಾಮಾನ್ಯವಾಗಿ ಆರೋಗ್ಯವಾಗೇ ಇರ್ತಾಳೆ. ಇಬ್ಬರು ವಾಹಕರು ಮದುವೆ ಆದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪ್ರತಿ ಬಸಿರಿನಲ್ಲೂ, ಹೊಸದಾಗಿ. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರಲ್ಲ ಅಂತ ಅಲ್ಲ. ಡಿಗ್ರಿ ಮಾಡಿದವರೇ ಇಲ್ಲಿ ಎಡವುತ್ತಾರೆ. ಇದನ್ನು ಒಂದು ವಾಕ್ಯ ತಪ್ಪಿ ಹೇಳಿದರೆ ಏನಾಗುತ್ತೆ? ವಾಹಕಿ ಹುಡುಗಿ ಇಡೀ ಊರಿಗೆ ರೋಗಿಷ್ಠೆ ಆಗ್ತಾಳೆ, ಅವಳ ಕಾರ್ಡು ಅವಳ ಹಣೆಬರಹ ಆಗುತ್ತೆ, ಮುಂದಿನ ಹುಡುಗಿ ಪರೀಕ್ಷೆಗೆ ಬರೋದೇ ಇಲ್ಲ. ಇನ್ನೊಂದು ವಾಕ್ಯ ತಪ್ಪಿದರೆ, 'ನಮ್ಮ ಜನದ ರಕ್ತವೇ ಕೆಟ್ಟದ್ದು ಅಂತ ಸರ್ಕಾರ ಹೇಳ್ತಿದೆ' ಅಂತ ಆಗುತ್ತೆ. ಕಾಡಿಂದ ಎಬ್ಬಿಸಿದವರೇ ಜೀಪಲ್ಲಿ ಬಂದು ಯಾರನ್ನು ಮದುವೆ ಆಗಬೇಕು ಅಂತಲೂ ಹೇಳಿದರೆ ಯಾರು ಕೇಳ್ತಾರೆ? ನಾನಾದರೂ ಕೇಳಲ್ಲ.

ಇಲ್ಲಿ ಕೆಲಸಕ್ಕೆ ಬರೋದು ಗ್ರಂಥಸ್ಥ ಪದಗಳ ಪೋಸ್ಟರ್ ಅಲ್ಲ. ಅದೇ ಪೋಡಿನ ನರ್ಸ್, ಆಶಾ ಕಾರ್ಯಕರ್ತೆ, ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ ಹುಡುಗ. ಸ್ವತಃ ವಾಹಕಿಯಾಗಿದ್ದು 'ನೋಡಿ, ನಾನು ಚೆನ್ನಾಗೇ ಇದ್ದೀನಿ' ಅನ್ನಬಲ್ಲ ಹೆಂಗಸು ಒಬ್ಬಳು ಸಾವಿರ ಪೋಸ್ಟರಿಗೆ ಸಮ. ಇದು ನನ್ನ ಹೊಸ ಶೋಧವೇನಲ್ಲ. ಛತ್ತೀಸಗಢದಲ್ಲಿ ಸಿಜಿನೆಟ್ ಸ್ವರ ಅನ್ನೋ ಫೋನ್ ವೇದಿಕೆಯಲ್ಲಿ ಜನ ಗೊಂಡಿಯಲ್ಲೇ ಸುದ್ದಿ ಹೇಳಿ ಸುದ್ದಿ ಕೇಳೋದು 2010ರ ಆಸುಪಾಸಿನಿಂದ ನಡೆದಿದೆ. ನಮ್ಮ ಸರಗೂರಿನಲ್ಲಿ ಜನಧ್ವನಿ ಸಮುದಾಯ ಬಾನುಲಿ ಇದೆ. ಇಂಥದ್ದಕ್ಕೆ ದುಡ್ಡು ಹುಟ್ಟಲ್ಲ, ಡ್ರೋನ್ ಶಾಟ್ ಇರೋ ಕಾಡಿನ ವಿಡಿಯೋಗೆ ಹುಟ್ಟುತ್ತೆ.

ಇಷ್ಟು ಹೇಳಿದರೆ ಮೊದಲ ಆಕ್ಷೇಪ ಬಂದೇ ಬರುತ್ತೆ: ವಿಜ್ಞಾನಕ್ಕೂ ಜಾತಿ ತರಬೇಡಿ ಸಾರ್, ಚೆನ್ನಾಗಿ ಹೇಳೋರು ಹೇಳಲಿ. ಸರಿ. ಚೆನ್ನಾಗಿ ಅಂದರೆ ಏನು? ಇಂಗ್ಲಿಷಲ್ಲಿ, ಸ್ಲೈಡ್ ಹಾಕಿಕೊಂಡು, ನಾವು ನಗೋ ಜಾಗದಲ್ಲಿ ನಗಿಸಿ, ಹದಿನೆಂಟು ನಿಮಿಷಕ್ಕೆ ಮುಗಿಸೋದು. ಅದು ನಮ್ಮ ಕಾಲೇಜಿನ ಅಭ್ಯಾಸ, ಚೆನ್ನಾಗಿ ಹೇಳೋದರ ವ್ಯಾಖ್ಯೆ ಅಲ್ಲ. ಹಾವಿನ ವಿಷಯದಲ್ಲಿ ನೋಡಿ. ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯ್ತಾರೆ. ನಮ್ಮ ಆಸ್ಪತ್ರೆಗಳ ಪ್ರತಿವಿಷಕ್ಕೆ ಬೇಕಾದ ವಿಷದಲ್ಲಿ ದೊಡ್ಡ ಪಾಲು ಬರೋದು ತಮಿಳುನಾಡಿನ ಇರುಳರು 1978ರಿಂದ ನಡೆಸುತ್ತಿರೋ ಸಹಕಾರ ಸಂಘದಿಂದ. ಅವರಲ್ಲಿ ವಡಿವೇಲ್ ಗೋಪಾಲ್, ಮಾಸಿ ಸಡಯನ್ ಅವರನ್ನು 2017ರಲ್ಲಿ ಅಮೆರಿಕದ ಫ್ಲಾರಿಡಾಗೆ ಕರೆಸಿಕೊಂಡರು. ಅಲ್ಲಿನವರಿಗೆ ಸಿಗದೆ ಆಟ ಆಡಿಸ್ತಿದ್ದ ಬರ್ಮಾ ಹೆಬ್ಬಾವುಗಳನ್ನು ಇವರು ಎರಡು ವಾರದೊಳಗೆ 13 ಹಿಡಿದರು. 2023ರಲ್ಲಿ ಪದ್ಮಶ್ರೀ ಬಂತು. ನಿಮ್ಮ ಫೋನಿನಲ್ಲಿ ಹಾವು ಅಂತ ಹುಡುಕಿ, ಯಾರು ಬರ್ತಾರೆ ನೋಡಿ. ನಾಗರಹಾವಿಗೆ ಮುತ್ತು ಕೊಡೋ ಹುಡುಗರು. ಮೆರಿಟ್ ಅಂತೀರಲ್ಲ, ಇದೇನಾ ಅದು?

ಎರಡನೇ ಆಕ್ಷೇಪ ಸ್ವಲ್ಪ ಗಟ್ಟಿ: ಅಜ್ಜಿ ಹೇಳಿದ್ದೆಲ್ಲ ವಿಜ್ಞಾನ ಅಂತ ಒಪ್ಪಬೇಕಾ? ಖಂಡಿತ ಬೇಡ. ಸೋಲಿಗರು ಹೇಳಿದ್ದನ್ನೂ ಪರೀಕ್ಷೆಗೆ ಹಚ್ಚಬೇಕು, ಇಲಾಖೆ ಹೇಳಿದ್ದನ್ನೂ. ತರಗು ಬೆಂಕಿಯ ಮಾತನ್ನು ಪರೀಕ್ಷೆಗೆ ಹಚ್ಚಿದರು, ಬೆಂಕಿ ನಿಲ್ಲಿಸಿದ ಆದೇಶವನ್ನು ಯಾವ ಪರೀಕ್ಷೆಗೆ ಹಚ್ಚಿದ್ದರು? ಇನ್ನೊಂದು, ನಾನು ಕೇಳ್ತಿರೋದು ಪಾರಂಪರಿಕ ಜ್ಞಾನಕ್ಕೊಂದು ಮೂಲೆ ಅಲ್ಲ. ಆ ಮೂಲೆ ಈಗಾಗಲೇ ಇದೆ, ಮಣ್ಣಿನ ಮಡಕೆ ಇಟ್ಟು ಅಲಂಕಾರ ಬೇರೆ ಮಾಡಿರ್ತಾರೆ. ಯಲ್ಲಾಪುರದ ಸಿದ್ದಿ ಹುಡುಗಿಗೆ ಕಪ್ಪುಕುಳಿ ಬಗ್ಗೆ ಮಾತಾಡೋ ಆಸೆ ಇದ್ದರೆ ಅವಳನ್ನು ಡಮಾಮಿ ಬಗ್ಗೆ ಯಾಕೆ ಕೇಳಬೇಕು? ನಮ್ಮನ್ನು ಯಾರೂ ನಿಮ್ಮ ಅಜ್ಜಿಯ ಕಷಾಯದ ಬಗ್ಗೆ ಮಾತ್ರ ಹೇಳಿ ಅಂತ ಕೂರಿಸಲ್ಲವಲ್ಲ.

ಮತ್ತೆ ದುಡ್ಡು. ಇದನ್ನು ಯಾರೂ ಬರೆಯಲ್ಲ, ಹಾಗಾಗಿ ಬರೀತೀನಿ. ದಿಲ್ಲಿಯಿಂದ ಬರೋ ಭಾಷಣಕಾರರಿಗೆ ವಿಮಾನ, ಹೋಟೆಲ್, ಕವರಿನಲ್ಲಿ ಸಂಭಾವನೆ. ಹಾಡಿಯಿಂದ ಬಂದವರಿಗೆ ಬಸ್ ಚಾರ್ಜು, ಒಂದು ಶಾಲು, ಹಣ್ಣಿನ ಬುಟ್ಟಿ. ಆ ಎರಡು ದಿನ ಅವರ ಕೂಲಿ ಹೋಯಿತು. ಬುಟ್ಟಿ ಹಿಡಿದುಕೊಂಡು ಸ್ಯಾಟಲೈಟ್ ಬಸ್ ಸ್ಟ್ಯಾಂಡಲ್ಲಿ ರಾತ್ರಿ ಹತ್ತರ ತನಕ ಕಾಯಬೇಕು. ಸಂಶೋಧಕರ ಜೊತೆ ಹತ್ತು ವರ್ಷ ಕಾಡು ಸುತ್ತಿದವರ ಹೆಸರು ಪುಸ್ತಕದ ಕೊನೆಯ ಕೃತಜ್ಞತೆಯಲ್ಲಿ, ಅದೂ ಎಷ್ಟೋ ಸಲ ಬರೀ ಕರೆಯೋ ಹೆಸರು.

ಜೂನ್ 5 ಬರುತ್ತೆ. ನಿಮ್ಮ ಕಂಪನಿಯಲ್ಲಿ ಪರಿಸರ ದಿನಕ್ಕೆ ಒಬ್ಬರನ್ನು ಕರೆಸಿ ಮಾತಾಡಿಸ್ತಾರೆ, ಅದಕ್ಕೆ ಸಿಎಸ್‌ಆರ್ ಬಜೆಟ್ ಇದೆ, ಎಚ್‌ಆರ್‌ನವರು ಈಗಲೇ ಹುಡುಕ್ತಾ ಇರ್ತಾರೆ. ಅವರಿಗೊಂದು ಮೇಲ್ ಹಾಕಿ. ಕಳೆದ ಐದು ವರ್ಷ ಯಾರ್ಯಾರು ಬಂದಿದ್ದರು, ಒಬ್ಬೊಬ್ಬರಿಗೆ ಎಷ್ಟು ಕೊಟ್ಟರು, ಈ ಸಲ ಹೆಗ್ಗಡದೇವನಕೋಟೆಯಿಂದ ಒಬ್ಬರನ್ನು ಕನ್ನಡದಲ್ಲೇ ಮಾತಾಡೋಕೆ ಕರೆದರೆ ಅಷ್ಟೇ ಕೊಡ್ತೀರಾ ಅಂತ ಕೇಳಿ. ಬಂದ ಉತ್ತರ ನನಗೂ ಕಳಿಸಿ.